ಗಾಳಿ ಎಳೆಯುತ್ತಿದ್ದ ಪಿಕಪ್

ನಮ್ಮ ಮನೆಯಲ್ಲಿ ದುಡಿಯುವವರು ಇಬ್ಬರು. ಒಬ್ಬರು ಅಬ್ಬ, ಇನ್ನೊಂದು 2009ರ ಮಾದರಿಯ ಡೀಸೆಲ್ ಪಿಕಪ್. ಉಪ್ಪಿನಂಗಡಿ ಸುತ್ತಮುತ್ತ ಅಡಿಕೆ ಮೂಟೆ, ತೆಂಗಿನಕಾಯಿ, ಕೆಂಪು ಕಲ್ಲು, ಮದುವೆ ಮನೆಯ ದೊಡ್ಡ ಪಾತ್ರೆಗಳು, ಏನು ಸಿಕ್ಕಿದರೂ ಅದು ಹೊರುತ್ತದೆ. ಎರಡರಲ್ಲಿ ಯಾರಿಗೆ ಹುಷಾರಿಲ್ಲದಿದ್ದರೂ ಮನೆಯ ಲೆಕ್ಕ ತಪ್ಪುತ್ತದೆ. ಅಬ್ಬನಿಗೆ ಜ್ವರ ಬಂದರೆ ಎರಡು ದಿನ ಮಲಗಿ ಏಳುತ್ತಾರೆ. ಗಾಡಿಗೆ ಬಂದ ಕಾಯಿಲೆ ಮಾತ್ರ ಒಂದು ತಿಂಗಳು ಎಳೆಯಿತು.

ಕಾಯಿಲೆಯ ಲಕ್ಷಣ ಹೀಗಿತ್ತು. ಬೆಳಿಗ್ಗೆ ಕೀ ತಿರುಗಿಸಿದರೆ ಸ್ಟಾರ್ಟರ್ ಚೆನ್ನಾಗಿ ಸುತ್ತುತ್ತದೆ, ಎಂಜಿನ್ ಹತ್ತುವುದಿಲ್ಲ. ಬಹಳ ಹೊತ್ತು ಸತಾಯಿಸಿ ಹತ್ತಿದರೆ ಹಿಂದಿನಿಂದ ಬಿಳಿ ಹೊಗೆ. ಒಮ್ಮೆ ಹತ್ತಿದ ಮೇಲೆ ಸಮತಟ್ಟು ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಆದರೆ ಲೋಡ್ ಹಾಕಿಕೊಂಡು ಏರು ಹತ್ತುವಾಗ ಉಬ್ಬಸ ಬಂದವರ ಹಾಗೆ ತಡೆತಡೆದು, ಕೊನೆಗೆ ನಿಂತೇ ಬಿಡುತ್ತದೆ. ಎರಡು ಸಲ ಅಬ್ಬ ಏರಿನ ನಡುವೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಬೇಕಾಯಿತು. ಬಾನೆಟ್ ತೆಗೆದು, ಡೀಸೆಲ್ ಫಿಲ್ಟರ್ ಮೇಲಿರುವ ಕೈಪಂಪನ್ನು ಮೂವತ್ತು ಸಲ ಒತ್ತಿದರೆ ಗಾಡಿ ಏನೂ ಆಗದವರಂತೆ ಮತ್ತೆ ಸ್ಟಾರ್ಟ್.

ಅಬ್ಬ ತೋರಿಸಿದ ಗ್ಯಾರೇಜಿನಲ್ಲಿ ಐದು ನಿಮಿಷದಲ್ಲಿ ತೀರ್ಪು ಬಂತು: ಡೀಸೆಲ್ ಪಂಪ್ ಹೋಗಿದೆ, ಬಿಚ್ಚಿ ಮಂಗಳೂರಿಗೆ ಕಳುಹಿಸಬೇಕು, ಇಂಜೆಕ್ಟರ್ ಸಮೇತ 28 ಸಾವಿರ, ಗಾಡಿ ಒಂದು ವಾರ ನಿಲ್ಲಬೇಕು. ಆ ಮೆಕ್ಯಾನಿಕ್ ಮೇಲೆ ನನಗೆ ಸಿಟ್ಟಿಲ್ಲ. ಅವರ ಅಂಗಳದಲ್ಲಿ ಅಂದು ಒಂಬತ್ತು ಗಾಡಿಗಳು ಕಾಯುತ್ತಿದ್ದವು. ಆದರೆ ನಮ್ಮ ಮನೆಯಲ್ಲಿ ಇದ್ದ 28 ಸಾವಿರ ಎಂದರೆ ನನ್ನ ನೀಟ್ ಕೋಚಿಂಗ್‌ಗೆಂದು ಉಮ್ಮ ಚೀಟಿ ಕಟ್ಟಿ ಎತ್ತಿದ ಹಣ. ರಂಝಾನ್‌ಗೆ ಇನ್ನು ಹನ್ನೆರಡು ದಿನ ಉಳಿದಿತ್ತು. ಉಪವಾಸದ ತಿಂಗಳಲ್ಲಿ ಮಂಗಳೂರಿನಿಂದ ಕಲ್ಲಂಗಡಿ, ಅನಾನಸು ತರುವ ಬಾಡಿಗೆಯೇ ನಮಗೆ ವರ್ಷದ ದೊಡ್ಡ ಸಂಪಾದನೆ. ಗಾಡಿ ಏರಿನಲ್ಲಿ ನಿಂತರೆ ವ್ಯಾಪಾರಿಗಳು ಬೇರೆ ಗಾಡಿ ನೋಡಿಕೊಳ್ಳುತ್ತಾರೆ, ಅದರಲ್ಲಿ ಅವರ ತಪ್ಪೂ ಇಲ್ಲ.

ರಾತ್ರಿ ಊಟಕ್ಕೆ ಕುಳಿತಾಗ ಅಬ್ಬ ಒಂದು ಮಾತು ಹೇಳಿದರು: “ಪಂಪ್ ನಿಜವಾಗಿ ಹೋಗಿದ್ದರೆ ಮೂವತ್ತು ಸಲ ಕೈಪಂಪ್ ಒತ್ತಿದ ಮಾತ್ರಕ್ಕೆ ಅದು ಹೇಗೆ ಸರಿಯಾಗುತ್ತದೆ?” ಅಬ್ಬ ಏಳನೇ ಕ್ಲಾಸ್ ಓದಿದವರು. ಆದರೆ ಈ ಪ್ರಶ್ನೆಗೆ ನನ್ನ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕಲು ಮುಂದಿನ ಎರಡು ಭಾನುವಾರ ಮತ್ತು ಒಂದು ಶುಕ್ರವಾರದ ಮಧ್ಯಾಹ್ನ ಬೇಕಾಯಿತು.

ಮೊದಲು ಡೀಸೆಲ್ ಎಂಜಿನ್ ಬಗ್ಗೆ ಎರಡು ಮಾತು. ಇದರಲ್ಲಿ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಇಲ್ಲ. ಸಿಲಿಂಡರಿನೊಳಗೆ ಗಾಳಿಯನ್ನು ಸುಮಾರು ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಅದು ತಾನೇ ಕಾಯುತ್ತದೆ. ನಮ್ಮ ಪ್ರಥಮ ಪಿಯುಸಿ ಭೌತಶಾಸ್ತ್ರದ ಅಡಿಯಾಬ್ಯಾಟಿಕ್ ಸೂತ್ರಕ್ಕೆ 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಹಾಕಿ ಲೆಕ್ಕ ಮಾಡಿ ನೋಡಿ, ಉತ್ತರ 1000 ಕೆಲ್ವಿನ್ ಆಸುಪಾಸು ಬರುತ್ತದೆ. ತಣ್ಣಗಿನ ಎಂಜಿನ್ನಿನ ಗೋಡೆಗಳು ಶಾಖ ಹೀರುವುದರಿಂದ ನಿಜದಲ್ಲಿ ಅಷ್ಟು ಇರುವುದಿಲ್ಲ, ಆದರೂ ಡೀಸೆಲ್ ತಾನಾಗಿ ಹೊತ್ತಿಕೊಳ್ಳಲು ಬೇಕಾದ ಶಾಖಕ್ಕಿಂತ ಎಷ್ಟೋ ಹೆಚ್ಚು. ಅಂಥ ಗಾಳಿಗೆ ಸರಿಯಾದ ಕ್ಷಣದಲ್ಲಿ ಡೀಸೆಲನ್ನು ಮಂಜಿನಂತೆ ಚಿಮ್ಮಿಸಬೇಕು, ಅಷ್ಟೇ. ಹಾಗಾಗಿ ಎಂಜಿನ್ ಹತ್ತದಿದ್ದರೆ ಕೇಳಬೇಕಾದ ಪ್ರಶ್ನೆಗಳು ಮೂರೇ: ಎಂಜಿನ್ ಸಾಕಷ್ಟು ವೇಗವಾಗಿ ಸುತ್ತುತ್ತಿದೆಯೇ, ಗಾಳಿ ಕಾಯುತ್ತಿದೆಯೇ, ಡೀಸೆಲ್ ತಲುಪುತ್ತಿದೆಯೇ.

ಅಬ್ಬನ ನಿಯಮ: ಖರ್ಚಿಲ್ಲದ ಪರೀಕ್ಷೆ ಮೊದಲು. ನನ್ನ ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ, ಮತ್ತು ಎಲ್ಲವನ್ನೂ ಬರೆದಿಡುವುದು. ಹಳೆಯ ರಸಾಯನಶಾಸ್ತ್ರ ರೆಕಾರ್ಡ್ ಪುಸ್ತಕದ ಖಾಲಿ ಹಾಳೆಗಳು ಇದಕ್ಕೆ ಉಪಯೋಗಕ್ಕೆ ಬಂದವು.

ಮೊದಲ ಭಾನುವಾರ ಬ್ಯಾಟರಿಯಿಂದ ಆರಂಭಿಸಿದೆವು. ಗಾಡಿ ರಾತ್ರಿಯಿಡೀ ನಿಂತ ಮೇಲೆ ಮಲ್ಟಿಮೀಟರ್ 12.6 ವೋಲ್ಟ್ ತೋರಿಸಿತು, ಅಂದರೆ ಬ್ಯಾಟರಿ ತುಂಬಿದೆ. ಸ್ಟಾರ್ಟರ್ ಸುತ್ತುವಾಗ 10.4. ಅದೂ ಪರವಾಗಿಲ್ಲ. ನಂತರ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೂ ಇನ್ನೊಂದನ್ನು ಎಂಜಿನ್ನಿನ ಕಬ್ಬಿಣಕ್ಕೂ ಹಿಡಿದು ಸುತ್ತಿಸಿದಾಗ 0.9 ವೋಲ್ಟ್. ಒಂದೇ ತಂತಿಯ ಎರಡು ತುದಿ ಎನ್ನಬಹುದಾದ ಜಾಗದಲ್ಲಿ 0.9 ವೋಲ್ಟ್ ಬೀಳಬಾರದು. ಸ್ಟಾರ್ಟರ್ ಎಳೆಯುವ ಕರೆಂಟ್ 200 ಆಂಪಿಯರ್ ಎಂದಿಟ್ಟುಕೊಂಡರೆ ಅಲ್ಲಿರುವ ರೋಧ ಕೇವಲ 4.5 ಮಿಲಿ ಓಮ್. ಲ್ಯಾಬ್‌ನಲ್ಲಿ ನಾವು ಲೆಕ್ಕಕ್ಕೇ ತೆಗೆದುಕೊಳ್ಳದಷ್ಟು ಸಣ್ಣದು. ಆದರೆ 200 ಆಂಪಿಯರ್ ಹರಿಯುವ ಕಡೆ ಅಷ್ಟು ಸಣ್ಣದೂ ದೊಡ್ಡದೇ. ಅರ್ತ್ ತಂತಿಯ ಬೋಲ್ಟ್ ಬಿಚ್ಚಿ, ಹಸಿರು ಕಿಲುಬನ್ನು ಎಮರಿ ಕಾಗದದಿಂದ ಉಜ್ಜಿ ಬಿಗಿದ ಮೇಲೆ 0.2ಕ್ಕೆ ಇಳಿಯಿತು. ಸ್ಟಾರ್ಟರಿನ ಸದ್ದೇ ಬದಲಾಯಿತು.

ಸೋಮವಾರ ಬೆಳಿಗ್ಗೆ ಎಂಜಿನ್ ಮೊದಲಿಗಿಂತ ಜೋರಾಗಿ ಸುತ್ತಿತು, ಮತ್ತು ಮೊದಲಿನಷ್ಟೇ ಹಟದಿಂದ ಹತ್ತದೆ ಕುಳಿತಿತು. ಸಿಕ್ಕಿದ್ದು ನಿಜವಾದ ದೋಷವೇ, ಆದರೆ ನಾವು ಹುಡುಕುತ್ತಿದ್ದ ದೋಷ ಅದಲ್ಲ. ಹಳೆಯ ಗಾಡಿಯಲ್ಲಿ ಹೀಗಾಗುವುದು ಸಾಮಾನ್ಯ ಎಂದರು ಅಬ್ಬ. ಹದಿನಾರು ವರ್ಷ ದುಡಿದ ಮೈಯಲ್ಲಿ ಒಂದೇ ನೋವು ಇರುತ್ತದೆಯೇ?

ವಾರದ ನಡುವೆ ಸಂಜೆಗಳಲ್ಲಿ ಸಣ್ಣಪುಟ್ಟವನ್ನು ಮುಗಿಸಿದೆವು. ಗ್ಲೋ ಪ್ಲಗ್ ನಾಲ್ಕೂ ಸರಿ ಇದ್ದವು. ಟ್ಯಾಂಕಿನ ಮುಚ್ಚಳದ ಗಾಳಿ ರಂಧ್ರ ಮುಚ್ಚಿಹೋದರೆ ಟ್ಯಾಂಕಿನೊಳಗೆ ಒತ್ತಡ ಕುಸಿದು ಡೀಸೆಲ್ ಬರುವುದು ನಿಲ್ಲುತ್ತದೆ. ಮುಚ್ಚಳ ಸಡಿಲ ಬಿಟ್ಟು ಓಡಿಸಿ ನೋಡಿದರೂ ಏರಿನಲ್ಲಿ ಅದೇ ಕಥೆ. ಫಿಲ್ಟರಿನ ಕೆಳಗಿನ ತಿರುಪು ಬಿಚ್ಚಿ ಗಾಜಿನ ಲೋಟಕ್ಕೆ ಇಳಿಸಿದಾಗ ತಳದಲ್ಲಿ ಎರಡು ಚಮಚದಷ್ಟು ನೀರು ನಿಂತಿತು. ಅದನ್ನು ಚೆಲ್ಲಿದೆವು, ಗುಣವಾಗಲಿಲ್ಲ. ಡೀಸೆಲ್ ಬಿಡುವ ಸೊಲೆನಾಯ್ಡ್ ಕೀ ತಿರುಗಿಸಿದಾಗ ಟಕ್ ಎನ್ನುತ್ತಿತ್ತು. ಅದೂ ಸರಿ.

ಈ ನಡುವೆ ನಾನು ಗಮನಿಸುತ್ತಿದ್ದುದು ಬಿಳಿ ಹೊಗೆಯನ್ನು. ಕಪ್ಪು ಹೊಗೆ ಎಂದರೆ ಗಾಳಿಗಿಂತ ಡೀಸೆಲ್ ಹೆಚ್ಚಾಗಿದೆ. ನೀಲಿ ಎಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ತಣ್ಣಗಿನ ಎಂಜಿನ್ನಿನ ಬಿಳಿ ಹೊಗೆ ಎಂದರೆ ಡೀಸೆಲ್ ಬಂದಿದೆ, ಆದರೆ ಸರಿಯಾಗಿ ಉರಿದಿಲ್ಲ. ಸ್ವಲ್ಪ ಬರುತ್ತಿದೆ, ಹೊತ್ತಿಗೆ ಬರುತ್ತಿಲ್ಲ, ಮಂಜಾಗಿ ಬರುತ್ತಿಲ್ಲ. ಯಾಕೆ?

ಈಗ ನಾವು ಮಾಡುವ ಒಂದು ಸಾಮಾನ್ಯ ಕೆಲಸ ನೆನಪಿಸಿಕೊಳ್ಳಿ. ಸ್ಟ್ರಾದಲ್ಲಿ ಶರಬತ್ತು ಕುಡಿಯುವಾಗ ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೆ ಏನಾಗುತ್ತದೆ? ತೂತಿನಿಂದ ಶರಬತ್ತು ಹೊರಗೆ ಸುರಿಯುವುದಿಲ್ಲ. ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, ಬಾಯಿಗೆ ಗುಳ್ಳೆ ಬರುತ್ತದೆ. ಬಾಯಿ ತೆಗೆದರೆ ಶರಬತ್ತು ಸರ್ರನೆ ಲೋಟಕ್ಕೆ ಇಳಿಯುತ್ತದೆ. ನಮ್ಮ ಪಿಕಪ್‌ನಲ್ಲಿ ಟ್ಯಾಂಕ್ ಕೆಳಗಿದೆ, ಪಂಪ್ ಮೇಲಿದೆ. ಟ್ಯಾಂಕಿನಿಂದ ಪಂಪಿನವರೆಗಿನ ಇಡೀ ದಾರಿ ಒಂದು ಉದ್ದನೆಯ ಸ್ಟ್ರಾ. ಅದರಲ್ಲಿ ಎಲ್ಲೋ ತೂತಿದ್ದರೆ ನೆಲದ ಮೇಲೆ ಒಂದು ಹನಿ ಡೀಸೆಲ್ ಬೀಳುವುದಿಲ್ಲ. ನಾವು ಅಡಿಗೆ ಕಾರ್ಡ್‌ಬೋರ್ಡ್ ಹಾಸಿ ಹನಿಗಾಗಿ ಹುಡುಕಿದ್ದೂ, ಏನೂ ಕಾಣದಿದ್ದುದೂ ಹೀಗಾಗಿಯೇ. ರಾತ್ರಿ ಗಾಡಿ ನಿಂತಾಗ ಆ ತೂತಿನಿಂದ ಗಾಳಿ ಸೇರಿ ಡೀಸೆಲ್ ಮೆಲ್ಲನೆ ಟ್ಯಾಂಕಿಗೆ ವಾಪಸ್ ಹೋಗುತ್ತದೆ. ಬೆಳಿಗ್ಗೆ ಪಂಪಿಗೆ ಸಿಗುವುದು ಗಾಳಿ. ಏರಿನಲ್ಲಿ ಎಂಜಿನ್ ಹೆಚ್ಚು ಡೀಸೆಲ್ ಕೇಳುತ್ತದೆ, ಎಳೆತ ಜೋರಾಗುತ್ತದೆ, ಹಾಗೆಯೇ ಗಾಳಿಯೂ ಜಾಸ್ತಿ ನುಗ್ಗುತ್ತದೆ. ಕೈಪಂಪ್ ಮೂವತ್ತು ಸಲ ಒತ್ತಿದರೆ ಡೀಸೆಲ್ ಮತ್ತೆ ಮೇಲೆ ಬರುತ್ತದೆ. ಅಬ್ಬನ ಪ್ರಶ್ನೆಗೆ ಉತ್ತರ ಅಲ್ಲೇ ಇತ್ತು.

ಒಂದಿಷ್ಟು ಗಾಳಿಗುಳ್ಳೆ ಇಷ್ಟು ದೊಡ್ಡ ಎಂಜಿನ್ನನ್ನು ನಿಲ್ಲಿಸುವುದು ಹೇಗೆ ಎಂದು ಗೆಳತಿಯೊಬ್ಬಳು ಕೇಳಿದಳು. ಇಂಜೆಕ್ಟರಿನ ಸೂಜಿ ತೆರೆಯಬೇಕಾದರೆ ಹಳೆಯ ಮಾದರಿಯ ಎಂಜಿನ್‌ಗಳಲ್ಲೂ ನೂರರಿಂದ ಇನ್ನೂರು ವಾತಾವರಣದ ಒತ್ತಡ ಬೇಕು. ದ್ರವವನ್ನು ಒತ್ತಿದರೆ ಅದು ಕುಗ್ಗುವುದಿಲ್ಲ, ಒತ್ತಡ ನೇರವಾಗಿ ಸೂಜಿಗೆ ತಲುಪುತ್ತದೆ. ಗಾಳಿ ಹಾಗಲ್ಲ, ಬಾಯ್ಲ್ ನಿಯಮದಂತೆ ಕುಗ್ಗುತ್ತಾ ಹೋಗುತ್ತದೆ. ಪಂಪ್ ಒತ್ತುತ್ತದೆ, ಗಾಳಿ ಕುಗ್ಗುತ್ತದೆ, ಸೂಜಿ ಮಿಸುಕುವುದಿಲ್ಲ. ತಮಾಷೆಯೆಂದರೆ ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಔಗ್ಸ್‌ಬರ್ಗ್‌ನಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನ್ ಇಂಧನವನ್ನು ಒಳಗೆ ಊದುತ್ತಿದ್ದುದೇ ಒತ್ತಿಟ್ಟ ಗಾಳಿಯಿಂದ. ಅದಕ್ಕೆ ದೊಡ್ಡ ಕಂಪ್ರೆಸರ್ ಬೇಕಿತ್ತು. 1927ರಲ್ಲಿ ಬಾಷ್ ಕಂಪನಿಯ ಇಂಜೆಕ್ಷನ್ ಪಂಪ್‌ಗಳು ದೊಡ್ಡ ಸಂಖ್ಯೆಯಲ್ಲಿ ತಯಾರಾಗತೊಡಗಿದ ಮೇಲೆ ಡೀಸೆಲ್ ಎಂಜಿನ್ ಲಾರಿಗಳಿಗೆ ಸುಲಭವಾಗಿ ಏರಿತು. ಗಾಳಿಯ ಸಹಾಯದಿಂದ ಹುಟ್ಟಿದ ಎಂಜಿನ್‌ಗೆ ಈಗ ಗಾಳಿ ಎಂದರೆ ಆಗುವುದಿಲ್ಲ.

ಶುಕ್ರವಾರ ಜುಮಾ ನಮಾಝ್ ಮುಗಿಸಿ ಬಂದ ಅಬ್ಬ ಜತೆಯಲ್ಲಿ ಒಂದು ಮೀಟರ್ ಪಾರದರ್ಶಕ ಪೈಪ್ ತಂದರು. ಫಿಲ್ಟರ್ ಮತ್ತು ಪಂಪ್ ನಡುವಿನ ಕಪ್ಪು ರಬ್ಬರ್ ಪೈಪಿನ ಜಾಗಕ್ಕೆ ಅದನ್ನು ಹಾಕಿ ಎಂಜಿನ್ ಓಡಿಸಿದೆವು. ಮೊದಲು ತಿಳಿ ಡೀಸೆಲ್. ಆಕ್ಸಿಲರೇಟರ್ ಒತ್ತಿದಾಗ ಸೋಡಾ ಬಾಟಲಿಯಂತೆ ಗುಳ್ಳೆಗಳ ಸಾಲು. ನೋಡಿ ನಾನು ಕೂಗಿದ ಸದ್ದಿಗೆ ಉಮ್ಮ ಒಲೆ ಬಿಟ್ಟು ಓಡಿ ಬಂದರು.

ಆದರೂ 28 ಸಾವಿರದ ಮಾತು ಪೂರ್ತಿ ಸುಳ್ಳಾಗಬೇಕಾದರೆ ಪಂಪ್ ಸರಿ ಇದೆ ಎಂದು ಸಾಬೀತಾಗಬೇಕಿತ್ತು. ಅದಕ್ಕೆ ಮಾಡಿದ ಪರೀಕ್ಷೆ ಇದು. ಐದು ಲೀಟರಿನ ಕ್ಯಾನಿಗೆ ಶುದ್ಧ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಕ್ಯಾಬಿನ್ ಮೇಲೆ ಭದ್ರವಾಗಿ ಕಟ್ಟಿದೆವು. ಅಲ್ಲಿಂದ ಒಂದು ಪೈಪ್ ನೇರವಾಗಿ ಫಿಲ್ಟರಿಗೆ. ಗಾಡಿಯ ಟ್ಯಾಂಕ್ ಮತ್ತು ಉದ್ದನೆಯ ಲೈನ್ ಎರಡೂ ಆಟದಿಂದ ಹೊರಗೆ. ಈಗ ಡೀಸೆಲ್ ಎಳೆದುಕೊಳ್ಳಬೇಕಾಗಿಲ್ಲ, ತಾನೇ ಇಳಿಯುತ್ತದೆ. ಫಿಲ್ಟರಿನಿಂದ ಪಂಪಿನವರೆಗೆ ತೂತಿದ್ದರೆ ಈಗ ಹನಿ ಹೊರಗೆ ಬೀಳಲೇಬೇಕು. ಅರ್ಧ ಗಂಟೆ ಓಡಿಸಿದೆವು. ಒಂದು ಗುಳ್ಳೆ ಇಲ್ಲ, ಒಂದು ಹನಿ ಇಲ್ಲ. ಹಾಗೆಯೇ ರಾತ್ರಿ ಬಿಟ್ಟು ಶನಿವಾರ ಸುಬ್‌ಹಿ ಆದ ಕೂಡಲೇ ಅಬ್ಬ ಕೀ ತಿರುಗಿಸಿದರು. ಎರಡನೇ ಸುತ್ತಿಗೆ ಎಂಜಿನ್ ಹತ್ತಿತು. ಪಂಪ್ ಸರಿ, ಇಂಜೆಕ್ಟರ್ ಸರಿ, ಫಿಲ್ಟರ್ ಸರಿ. ದೋಷ ಟ್ಯಾಂಕ್ ಮತ್ತು ಫಿಲ್ಟರ್ ನಡುವಿನ ಲೈನ್‌ನಲ್ಲಿ. ಉಮ್ಮ ಆ ದಿನ ಬೆಳಿಗ್ಗೆ ಒಂದು ಮಾತೂ ಆಡದೆ ಅಬ್ಬನಿಗೆ ಎರಡು ಮೊಟ್ಟೆ ಹೆಚ್ಚು ಹಾಕಿದರು.

ಉಳಿದದ್ದು ಸೈಕಲ್ ಪಂಕ್ಚರ್ ಕೆಲಸ. ಎಳೆತದಲ್ಲಿ ಕಾಣದ ತೂತು ಒತ್ತಡದಲ್ಲಿ ಕಾಣುತ್ತದೆ. ಟ್ಯಾಂಕಿನ ಬದಿಯ ತುದಿಯನ್ನು ಕಳಚಿ ಒಂದು ಬೋಲ್ಟ್ ತುರುಕಿ ಕ್ಲಿಪ್ ಹಾಕಿ ಮುಚ್ಚಿದೆವು. ಫಿಲ್ಟರ್ ಬದಿಯಿಂದ ತಮ್ಮ ಸೈಕಲ್ ಪಂಪಿನಿಂದ ಮೆಲ್ಲಗೆ ಗಾಳಿ ಕೊಟ್ಟ. ನಾನು ಹಳೆಯ ಬ್ರಷ್‌ನಲ್ಲಿ ಸೋಪಿನ ನೀರು ಹಿಡಿದು ಗಾಡಿಯಡಿ ಹೋದೆ. ಹೋಗುವ ಮೊದಲು ನಾಲ್ಕೂ ಚಕ್ರಗಳಿಗೆ ಕಲ್ಲು, ಹ್ಯಾಂಡ್ ಬ್ರೇಕ್, ಬ್ಯಾಟರಿಯ ಮೈನಸ್ ತಂತಿ ಬೇರೆ. ಪಿಕಪ್ ಎತ್ತರ ಇರುವುದರಿಂದ ಜಾಕ್ ಬೇಕಾಗಲಿಲ್ಲ. ಬೇಕಾಗುವ ಗಾಡಿಯಾದರೆ ಬರೀ ಜಾಕ್ ನಂಬಿ ಅಡಿಗೆ ನುಸುಳಬಾರದು, ಗಟ್ಟಿ ಸ್ಟ್ಯಾಂಡ್ ಕೊಡಲೇಬೇಕು. ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಎಂಜಿನ್ ಓಡುವಾಗ ಇಂಜೆಕ್ಟರ್ ಪೈಪಿನ ಸೋರಿಕೆಯನ್ನು ಕೈಯಿಂದ ಮುಟ್ಟಿ ನೋಡಬೇಡಿ. ಅಷ್ಟು ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಗೆ ಹೋಗುತ್ತದೆ. ಗಾಯ ಸಣ್ಣದಾಗಿ ಕಂಡರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ವಿಷಯ ಅದು.

ಮೊದಲ ಜೋಡಣೆ ಸುಮ್ಮನಿತ್ತು, ಎರಡನೆಯದೂ ಸುಮ್ಮನಿತ್ತು. ಮೂರನೆಯದು ಕ್ಯಾಬಿನ್ ಹಿಂದಿನ ಅಡ್ಡ ತೊಲೆಯ ಮೇಲ್ಗಡೆ, ಕಬ್ಬಿಣದ ಪೈಪಿಗೆ ರಬ್ಬರ್ ಪೈಪ್ ಸೇರುವ ಕಡೆ. ಅಬ್ಬನ ಕೈ ಅಲ್ಲಿಗೆ ಹೋಗುವುದಿಲ್ಲ, ನನ್ನದು ಹೋಗುತ್ತದೆ. ಬ್ರಷ್ ತಾಗಿಸಿ ಟಾರ್ಚ್ ಹಿಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು ಏಳುತ್ತಿದ್ದವು. ಅಷ್ಟೇ. ಇಡೀ ತಿಂಗಳ ಕಾಟಕ್ಕೆ ಕಾರಣ ಅಷ್ಟೇ. ಹೊರಗೆ ಚಾಪೆ ಹಾಕಿ ಕುಳಿತಿದ್ದ ಅಜ್ಜಿ, “ಇವಳು ಡಾಕ್ಟರ್ ಆಗುವುದು ಮನುಷ್ಯರಿಗೋ ಗಾಡಿಗೋ?” ಎಂದು ಕೇಳುತ್ತಿದ್ದುದು ಅಡಿಯಲ್ಲಿದ್ದ ನನಗೂ ಕೇಳಿಸಿತು.

ಬಿಚ್ಚಿ ನೋಡಿದಾಗ ರಬ್ಬರ್ ಪೈಪ್ ಒಣಗಿದ ಕೊಬ್ಬರಿಯಂತೆ ಗಟ್ಟಿಯಾಗಿತ್ತು. ಕ್ಲಿಪ್ ಕೂತ ಜಾಗದಲ್ಲಿ ಒಳಗಿನಿಂದ ಬಿರುಕು. ಅದರ ಅಡಿಯಲ್ಲಿ ಕಬ್ಬಿಣದ ಪೈಪಿನ ತುದಿ ತುಕ್ಕು ಹಿಡಿದು ಗುಳಿಬಿದ್ದಿತ್ತು. ತೊಲೆಯ ಮೇಲೆ ಹದಿನಾರು ಮಳೆಗಾಲದ ಕೆಂಪು ಮಣ್ಣು ಕೂತು, ಬೇಸಿಗೆಯಲ್ಲೂ ತೇವ ಹಿಡಿದಿಟ್ಟುಕೊಂಡಿತ್ತು. ನಮ್ಮ ಕಡೆಯ ಗಾಡಿಗಳು ತುಕ್ಕು ಹಿಡಿಯುವುದು ಇಂಥ ಮೂಲೆಗಳಿಂದಲೇ. ಮಳೆಗಾಲ ಮುಗಿದ ಮೇಲೆ ಬಾಡಿ ಹೊಳೆಯುವಂತೆ ತೊಳೆಸುವುದಕ್ಕಿಂತ ಅಡಿ ತೊಳೆಸುವುದು ಮುಖ್ಯ ಎನ್ನುವುದು ಈಗ ನನ್ನ ಗಟ್ಟಿ ಅಭಿಪ್ರಾಯ.

ಗುಳಿಬಿದ್ದ ಮೂರು ಸೆಂಟಿಮೀಟರ್ ತುದಿಯನ್ನು ಕೈಗರಗಸದಿಂದ ಕತ್ತರಿಸಿದೆವು. ಗ್ರೈಂಡರ್ ಬಳಸಲಿಲ್ಲ, ಡೀಸೆಲ್ ಇರುವ ಕಡೆ ಕಿಡಿ ಬೇಡ. ಅರದಿಂದ ತುದಿಯನ್ನು ನಯಮಾಡಿ, ಲೋಹದ ಪುಡಿ ಉಳಿಯದಂತೆ ಪೈಪಿನೊಳಗೆ ಡೀಸೆಲ್ ಹಾಯಿಸಿ ತೊಳೆದು, ಸ್ವಲ್ಪ ಉದ್ದದ ಹೊಸ ಪೈಪನ್ನು ಎರಡೆರಡು ಕ್ಲಿಪ್ ಹಾಕಿ ಕೂರಿಸಿದೆವು. ಪೈಪ್ ಡೀಸೆಲ್‌ಗೆಂದೇ ಮಾಡಿದ್ದಾಗಿರಬೇಕು. ನೀರಿನ ಪೈಪ್ ಹಾಕಿದರೆ ಕೆಲವೇ ತಿಂಗಳಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಫಿಲ್ಟರ್ ಬದಿಯ ಎರಡು ತಾಮ್ರದ ವಾಷರ್‌ಗಳಿಗೆ ಅಂಗಡಿಯಲ್ಲಿ ಸರಿಯಾದ ಅಳತೆ ಸಿಗಲಿಲ್ಲ. ಅಬ್ಬ ಹಳೆಯದನ್ನೇ ಅಡುಗೆಮನೆಯ ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದರು. ಒತ್ತಿ ಒತ್ತಿ ಗಟ್ಟಿಯಾದ ತಾಮ್ರ ಹೀಗೆ ಕಾಯಿಸಿದರೆ ಮತ್ತೆ ಮೆದುವಾಗಿ ಸಂದು ಮುಚ್ಚುತ್ತದೆ. ಉಕ್ಕನ್ನು ಹೀಗೆ ನೀರಿಗೆ ಹಾಕಿದರೆ ಗಟ್ಟಿಯಾಗುತ್ತದೆ, ತಾಮ್ರ ಮಾತ್ರ ಮೆದುವಾಗುತ್ತದೆ. ಉಮ್ಮನಿಗೆ ಆ ವಿಜ್ಞಾನ ಬೇಕಿರಲಿಲ್ಲ, ತಮ್ಮ ಇಕ್ಕಳ ವಾಪಸ್ ಬೇಕಿತ್ತು.

ಎಲ್ಲ ಬಿಗಿದ ಮೇಲೆ ಕೊನೆಯ ಕೆಲಸ ಒಳಗಿನ ಗಾಳಿ ತೆಗೆಯುವುದು. ಫಿಲ್ಟರಿನ ಮೇಲಿನ ತಿರುಪು ಒಂದು ಸುತ್ತು ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋಗಬೇಕು. ಮೊದಲು ನೊರೆ ಬರುತ್ತದೆ, ನಂತರ ಗುಳ್ಳೆಗಳು, ಕೊನೆಗೆ ತಿಳಿ ಡೀಸೆಲ್. ಆಗ ಒತ್ತಿ ಹಿಡಿದುಕೊಂಡೇ ತಿರುಪು ಬಿಗಿಯಬೇಕು. ಆ ಪುಟ್ಟ ಕೈಪಂಪಿನೊಳಗೆ ಇರುವುದು ಎರಡು ಏಕಮುಖ ಕವಾಟಗಳು, ಒಂದು ಎಳೆಯಲು, ಇನ್ನೊಂದು ತಳ್ಳಲು. ಅಲ್ ಜಝರಿ 1206ರಲ್ಲಿ ಮುಗಿಸಿದ ಯಂತ್ರಗಳ ಗ್ರಂಥದಲ್ಲಿ ನದಿಯ ನೀರು ಎತ್ತಲು ಎರಡು ಸಿಲಿಂಡರಿನ ಪಂಪ್ ಒಂದಿದೆ. ಅದರಲ್ಲೂ ಎಳೆಯುವ ಪೈಪ್, ತಳ್ಳುವ ಪೈಪ್, ನಡುವೆ ಏಕಮುಖ ಕವಾಟಗಳು. ಅದರ ಚಿತ್ರ ನೋಡಿದಾಗ ನನಗೆ ಮೊದಲು ಬಂದ ಯೋಚನೆ, ಅವರೂ ಎಳೆಯುವ ಪೈಪಿನ ಜೋಡಣೆಗಳಲ್ಲಿ ಎಷ್ಟು ಒದ್ದಾಡಿರಬಹುದು ಎಂದು.

ಲೆಕ್ಕ ಹೀಗಿದೆ: ಪಾರದರ್ಶಕ ಪೈಪ್, ಡೀಸೆಲ್ ಪೈಪ್, ಎಂಟು ಕ್ಲಿಪ್, ಎಮರಿ ಕಾಗದ, ಎಲ್ಲ ಸೇರಿ 640 ರೂಪಾಯಿ. ಕ್ಯಾನಿನ ಡೀಸೆಲ್ ಟ್ಯಾಂಕಿಗೇ ಹೋಯಿತು. ರಂಝಾನ್ ತಿಂಗಳಲ್ಲಿ ಪಿಕಪ್ ಮಂಗಳೂರಿಗೆ 22 ಟ್ರಿಪ್ ಹೊಡೆಯಿತು, ಕೈಪಂಪ್ ಮುಟ್ಟುವ ಅಗತ್ಯ ಒಮ್ಮೆಯೂ ಬರಲಿಲ್ಲ. ಕೋಚಿಂಗ್‌ನ ಮೊದಲ ಕಂತು ಕಟ್ಟಿ ಆಯಿತು, ಅಲ್‌ಹಮ್ದುಲಿಲ್ಲಾಹ್. ಗ್ಯಾರೇಜಿನ ಮೆಕ್ಯಾನಿಕ್ ಎಲ್ಲ ಕೇಳಿಸಿಕೊಂಡು, ಸೈಕಲ್ ಪಂಪಿನ ಉಪಾಯವನ್ನು ಎರಡು ಸಲ ಹೇಳಿಸಿಕೊಂಡರಂತೆ.

ಕತ್ತರಿಸಿದ ಮೂರು ಸೆಂಟಿಮೀಟರ್ ಪೈಪ್ ಮತ್ತು ಬಿರುಕು ಬಿಟ್ಟ ರಬ್ಬರ್ ತುಂಡನ್ನು ನಮ್ಮ ಭೌತಶಾಸ್ತ್ರ ಉಪನ್ಯಾಸಕರು ಕೇಳಿ ಪಡೆದಿದ್ದಾರೆ. ಲ್ಯಾಬ್‌ನ ಎಡಬದಿಯ ಕಪಾಟಿನಲ್ಲಿ, ಬ್ಯಾರೋಮೀಟರ್ ಪಕ್ಕದಲ್ಲಿ ಇಟ್ಟಿದ್ದಾರೆ. ನೋಡುವವರು ಬೆಳಕಿಗೆ ಹಿಡಿದು ನೋಡಿ, ಇಲ್ಲದಿದ್ದರೆ ತೂತು ಕಾಣುವುದಿಲ್ಲ.